ಎಡ ರೆಕ್ಕೆಯ ಅರ್ಧ ಗಂಟು

ಬಟ್ಟೆಯನ್ನು ಬರೀ ಕಣ್ಣಿನಿಂದ ನೋಡಿ ಚೆನ್ನಾಗಿದೆ ಎನ್ನುವವರನ್ನು ನಾನು ಎಂದೂ ನಂಬಿದವಳಲ್ಲ. ಬಟ್ಟೆಯನ್ನು ಬೆರಳಿನಿಂದ ನೋಡಬೇಕು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ತಿಕ್ಕಿದರೆ ಅದು ತಾನಾಗಿಯೇ ಬಾಯಿ ಬಿಡುತ್ತದೆ. ನೂಲು ಮಾರುವವನು ಗಟ್ಟಿ ನೂಲು ಅಂದರೆ ಅವನ ಎದುರಿಗೇ ಒಂದು ಎಳೆ ಹರಿದು ನೋಡುತ್ತೇನೆ. ಬಣ್ಣ ಬಿಡುವುದಿಲ್ಲ ಅಂದರೆ ಅಲ್ಲೇ ಎಂಜಲು ಹಚ್ಚಿ ತಿಕ್ಕುತ್ತೇನೆ. ಇಳಕಲ್ಲಿನಲ್ಲಿ ಐವತ್ತು ವರ್ಷ ಮಗ್ಗದ ಮುಂದೆ ಕುಳಿತು ನಾನು ಕಲಿತ ವಿದ್ಯೆ ಇದೊಂದೇ. ಸಾಲಿಯನ್ನು ನಾಲ್ಕನೆಯ ಇಯತ್ತೆಗೇ ಬಿಟ್ಟವಳು. ಆದ್ದರಿಂದ ಇದನ್ನು ನನಗೆ ಬಂದ ಹಾಗೆ ಬರೆಯುತ್ತಿದ್ದೇನೆ. ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಎಲ್ಲಿಯಾದರೂ ಸುರಿಯಬೇಕಲ್ಲ.

ಮೊದಲ ಅನುಮಾನ ಬಂದದ್ದು ಮೊಮ್ಮಗಳ ಕೈ ನೋಡಿ. ಅವಳು ನನ್ನ ಮಗನ ಮಗಳು. ಬಾಗಲಕೋಟೆಯ ನವನಗರದಲ್ಲಿ ರೂಮು ಮಾಡಿಕೊಂಡು ಅಲ್ಲಿಯ ಕಾಲೇಜಿನಲ್ಲಿ ಮಷೀನಿನ ಪಾಠ ಹೇಳುತ್ತಾಳೆ. ಮೊದಲೆಲ್ಲ ಪ್ರತಿ ಭಾನುವಾರ ಇಳಕಲ್ಲಿಗೆ ನನ್ನ ಹತ್ತಿರ ಬರುತ್ತಿದ್ದವಳು ಒಮ್ಮೆಲೇ ಬರುವುದು ಬಿಟ್ಟಳು. ಕೇಳಿದರೆ, ಹುನಗುಂದಕ್ಕೆ ಅಪ್ಪನ ಅಂಗಡಿಗೆ ಹೋಗುತ್ತೇನೆ, ಕೆಲಸ ಇದೆ, ಅನ್ನುವಳು. ಮಗ ಹುನಗುಂದದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಟ್ರ್ಯಾಕ್ಟರ್ ಟ್ರೇಲರ್, ಕಿಟಕಿಯ ಗ್ರಿಲ್ಲು ಮಾಡುವ ಜಾಗದಲ್ಲಿ ಕಲಿತ ಹುಡುಗಿಗೆ ವಾರವಾರ ಏನು ಕೆಲಸ? ಒಮ್ಮೆ ಹಬ್ಬಕ್ಕೆ ಬಂದಾಗ ನೋಡಿದರೆ ಬೆರಳ ತುಂಬ ಗೀರು, ಉಗುರಿನ ಸಂದಿಯಲ್ಲಿ ಅಂಟು. ಸೊಸೆಯನ್ನು ಕೇಳಿದೆ. ಸೊಸೆ ಒಲೆಯ ಕಡೆ ತಿರುಗಿ, "ನನಗೇನ ಗೊತ್ರಿ ಅತ್ತಿ" ಅಂದಳು. ಆ "ರಿ" ಸ್ವಲ್ಪ ಉದ್ದ ಆಗಿತ್ತು. ಎಲ್ಲರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ ಅಂತ ನನಗೆ ಖಾತ್ರಿಯಾಯಿತು. ಯಾವನೋ ಹುಡುಗನನ್ನು ನೋಡಿಕೊಂಡಿದ್ದಾಳೆ, ಅಪ್ಪನೂ ಒಪ್ಪಿದ್ದಾನೆ, ನನಗೊಬ್ಬಳಿಗೆ ಹೇಳಲು ಹೆದರುತ್ತಿದ್ದಾರೆ ಅಂದುಕೊಂಡೆ.

ಒಂದು ಭಾನುವಾರ ಯಾರಿಗೂ ಹೇಳದೆ ಹುನಗುಂದದ ಬಸ್ಸು ಹತ್ತಿದೆ. ಅಂಗಡಿಯ ಮುಂದಿನ ಬಾಗಿಲು ಹಾಕಿತ್ತು. ಹಿಂದಿನ ತಗಡಿನ ಶೆಡ್ಡಿನಲ್ಲಿ ಅಪ್ಪ ಮಗಳು ಇಬ್ಬರೂ ಬಗ್ಗಿ ನಿಂತಿದ್ದರು. ಅವರ ನಡುವೆ ನನ್ನ ಮನೆಯ ಪಡಸಾಲೆಗಿಂತ ಉದ್ದವಾದ ಒಂದು ಚೌಕಟ್ಟು, ತಿಂದು ಬಿಟ್ಟ ದೊಡ್ಡ ಮೀನಿನ ಎಲುಬಿನ ಹಾಗೆ.

"ಏನಲೇ ಇದು?" ಅಂತ ಮಗನನ್ನು ಕೇಳಿದೆ.

ಅವನು ಬೆಚ್ಚಿಬಿದ್ದ. "ಯವ್ವಾ, ಬರೂ ಮುಂದ ಒಂದ ಫೋನ್ ಮಾಡಬಾರದನು?"

"ಫೋನ್ ಮಾಡಿದ್ರ ತಾಡಪತ್ರಿ ಹೊಚ್ಚತಿದ್ರಿ. ಏನಿದು, ಹೇಳು."

ಅವನು ಮಗಳ ಮುಖ ನೋಡಿದ. ಮೊಮ್ಮಗಳು ಕೈ ಒರೆಸಿಕೊಂಡು, "ವಿಮಾನದ ರೆಕ್ಕಿ, ಆಯಿ" ಅಂದಳು.

"ಯಾರ ವಿಮಾನ?"

"ನಮ್ಮದು. ನಾವ ಮಾಡಾಕತ್ತೀವಿ. ಒಬ್ರ ಕುಂಡ್ರೂವಂಥಾದ್ದು."

"ಆ ಒಬ್ರು ಯಾರು?"

"ನಾನು."

ನಾನು ಅಲ್ಲೇ ಕಬ್ಬಿಣದ ಪೆಟ್ಟಿಗೆಯ ಮೇಲೆ ಕುಳಿತೆ. "ಯಾವನರೆ ಹುಡುಗನ್ನ ಹುಡಿಕ್ಕೊಂಡಾಳ ಅಂತ ಬೈಯಾಕ ಬಂದಿದ್ನಿ. ಅದs ಪಾಡಿತ್ತಲ್ಲೇ ಯವ್ವಾ!"

ಅಪ್ಪ ಮಗಳು ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ.

ಅವಳು ಅದಕ್ಕೆ ಅಲ್ಟ್ರಾಲೈಟ್ ಅನ್ನುತ್ತಾಳೆ. ತೀರ ಹಗುರವಾದ ವಿಮಾನವಂತೆ. ಹಾರುವುದನ್ನು ದೂರದ ಊರಿನ ಒಂದು ತರಬೇತಿ ಶಾಲೆಯಲ್ಲಿ ರಜೆ ಹಾಕಿ ಹಾಕಿ ಕಲಿತು ಬಂದಿದ್ದಳು. ನಮಗೆ ಮಾತ್ರ ಕಾಲೇಜಿನ ಟ್ರೇನಿಂಗು ಅಂತ ಹೇಳಿದ್ದಳು. ಇಷ್ಟು ಸುಳ್ಳು ಹೊರಬಿದ್ದ ಮೇಲೆ ಉಳಿದದ್ದನ್ನು ನಾನು ಹೇಗೆ ನಂಬಲಿ? ಅವತ್ತಿನಿಂದ ಪ್ರತಿ ಭಾನುವಾರದ ಬಸ್ಸಿಗೆ ನಾನೂ ಗಿರಾಕಿಯಾದೆ. ಇವಳು ಕುಳಿತು ಮೇಲೆ ಹೋಗುವ ವಸ್ತು ಅದು. ಅದರಲ್ಲಿ ಏನು ಸಡಿಲು ಬಿದ್ದರೂ ಬೀಳುವವಳು ನನ್ನ ಮೊಮ್ಮಗಳು. ಇದನ್ನು ಬಿಟ್ಟು ಬೇರೆ ಯಾವ ಯೋಚನೆಯೂ ನನಗಿರಲಿಲ್ಲ.

ಅಲ್ಯೂಮಿನಿಯಂ ಕೊಳವೆ ತಟ್ಟಿ ನೋಡಿದೆ. "ನಮ್ಮನಿ ಮಂಚದ ಪೈಪ ಇದಕ್ಕಿಂತ ದಪ್ಪ ಐತಿ" ಅಂದೆ. "ಮಂಚ ಹಾರಂಗಿಲ್ಲ ಆಯಿ" ಅಂದಳು. ಬಿಗಿ ಮಾಡಿದ ಪ್ರತಿಯೊಂದು ಬೋಲ್ಟಿನ ತಲೆಗೂ ಅವಳು ಕೆಂಪು ಬಣ್ಣದ ಗೆರೆ ಎಳೆಯುತ್ತಿದ್ದಳು, ಮುತ್ತೈದೆಗೆ ಕುಂಕುಮ ಹಚ್ಚಿದ ಹಾಗೆ. ಬೋಲ್ಟು ಜರುಗಿದರೆ ಗೆರೆ ಮುರಿದು ಕಾಣುತ್ತದಂತೆ. ನಾನು ಟಾರ್ಚು ಹಿಡಿದು ಕುಂಕುಮವಿಲ್ಲದ ಬೋಲ್ಟು ಹುಡುಕುತ್ತಿದ್ದೆ. ಎರಡು ಸಿಕ್ಕವು. ಹಾರಲು ಅಪ್ಪಣೆ ಕೊಡುವ ದಿಲ್ಲಿಯ ಕಾಗದ ಬಂದಾಗ ಅದರ ಮೇಲಿನ ಸಿಕ್ಕಾ ಬೆರಳಿನಿಂದ ತಿಕ್ಕಿ ನೋಡಿದೆ. ಎಂಜಿನ್ನು ಬೇರೆ ಯಾರೋ ಬಳಸಿ ಮಾರಿದ್ದು. ಮಾರಿದವನ ಬಗ್ಗೆ ನನಗೆ ಇವತ್ತಿಗೂ ಒಳ್ಳೆಯ ಅಭಿಪ್ರಾಯವಿಲ್ಲ. ಅದನ್ನು ಶುರು ಮಾಡಿದಾಗ ಕಣ್ಣು ಮುಚ್ಚಿ ಕೇಳಿದೆ. ಪಾವರ್‌ಲೂಮುಗಳ ಓಣಿಯಲ್ಲಿ ಇರುವವರಿಗೆ ಯಾವ ಮನೆಯ ಯಾವ ಮಗ್ಗ ಹೊಡೆತ ತಪ್ಪಿತು ಅಂತ ಹಾಸಿಗೆಯಲ್ಲಿ ಮಲಗಿಯೇ ಗೊತ್ತಾಗುತ್ತದೆ. "ನಡುವ ಒಂದ ಹೊಡ್ತ ನುಂಗಾಕತ್ತೈತಿ" ಅಂದೆ. ಮೊಮ್ಮಗಳು ನಂಬಲಿಲ್ಲ. ಬಿಚ್ಚಿ ನೋಡಿದರೆ ಒಂದು ಪ್ಲಗ್ಗಿನ ವಾಯರು ಸಡಿಲಾಗಿತ್ತು. ಪರೀಕ್ಷೆ ಮಾಡಲು ಬಂದ ಅಧಿಕಾರಿಯ ಮೇಲೂ ನನಗೆ ಅನುಮಾನವಿತ್ತು. ಚಹಾ ಕೊಟ್ಟರೆ ಕೆಲಸ ಮುಗಿಯಲಿ ಅಂದ. ಅದೊಂದಕ್ಕೆ ಅವನನ್ನು ಅರ್ಧ ನಂಬಿದೆ.

ಆಮೇಲೆ ಬಟ್ಟೆ ಬಂತು. ವಿಮಾನಕ್ಕೆ ಬಟ್ಟೆ ಇರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ! ಎಲುಬಿನ ಚೌಕಟ್ಟಿನ ಮೇಲೆ ಬಟ್ಟೆ ಹೊದಿಸಿ, ಇಸ್ತ್ರಿ ಹಾಯಿಸಿ ಬಿಗಿ ಮಾಡಿ, ಮೇಲೆ ಬಣ್ಣ ಕೊಡುತ್ತಾರಂತೆ. ಅಂದರೆ ನನ್ನ ಮೊಮ್ಮಗಳನ್ನು ಆಕಾಶದಲ್ಲಿ ಹೊತ್ತು ನಿಲ್ಲುವುದು ತಗಡಲ್ಲ, ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಅವತ್ತು ನನಗಾದ ಸಂತೋಷವನ್ನು ಮುಖದ ಮೇಲೆ ಬರಗೊಡಲಿಲ್ಲ. ತುದಿ ಹಿಡಿದು ತಿಕ್ಕಿದೆ. ನುಣುಪು, ನೂಲಿನ ವಾಸನೆಯೇ ಇಲ್ಲ, ಅಂಚಿಗೆ ದಡಿಯೂ ಇಲ್ಲ.

"ಇದಕ್ಕ ದಡಿ ಎಲ್ಲಿ?"

"ಇದಕ್ಕ ದಡಿ ಇರಂಗಿಲ್ಲ, ಆಯಿ. ಕತ್ತರಿಸಿ ಅಂಟಸೂದು."

"ದಡಿ ಇಲ್ಲದ್ದು ಅರಿವಿ ಅಲ್ಲ, ಚಿಂದಿ."

ಬರೀ ಅಂಟಿನ ಮೇಲೆ ಬಿಡುವುದಿಲ್ಲ ಅಂತ ಅವಳು ತೋರಿಸಿದಳು. ಬಟ್ಟೆಯನ್ನು ಪ್ರತಿ ಎಲುಬಿಗೂ ದಾರದಿಂದ ಹೊಲಿದು ಕಟ್ಟಬೇಕು. ಮೊಳದಷ್ಟು ಉದ್ದದ ಸೂಜಿ ರೆಕ್ಕೆಯ ಮೇಲಿನಿಂದ ಕೆಳಗೆ ತೂರಿ, ಎಲುಬನ್ನು ಬಳಸಿ ಮೇಲೆ ಬರಬೇಕು. ಒಂದೊಂದು ಹೊಲಿಗೆಗೂ ಒಂದು ಗಂಟು. ಗಂಟು ಎರಡು ಸುತ್ತಿನದು: ಮೊದಲರ್ಧ ಹಿಡಿಯುತ್ತದೆ, ಎರಡನೆಯ ಅರ್ಧ ಅದಕ್ಕೆ ಬೀಗ. ಅವಳು ಕಟ್ಟಿ ತೋರಿಸಿದ ಗಂಟನ್ನು ನಾನು ಉಗುರಿನಿಂದ ಎಳೆದೆ, ಜಾರಿತು. ಇನ್ನೊಂದು ಎಳೆದೆ, ಅದೂ ಜಾರಿತು.

"ಇದರ ಮ್ಯಾಲ ಕುಂತು ಹಾರಾಕಿ ನೀನು?"

"ಮತ್ತ ನೀ ಕಟ್ಟು" ಅಂತ ಸೂಜಿ ಕೈಗೆ ಕೊಟ್ಟಳು. ಅದಕ್ಕೇ ಕಾಯುತ್ತಿದ್ದಳು ಅಂತ ನನಗೆ ಈಗ ಅನುಮಾನ.

ಇಳಕಲ್ ಸೀರೆಯ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವವರು ನಾವು. ಸೀರೆ ಜೀರ್ಣವಾದರೂ ಆ ಕೊಂಡಿ ಬಿಡುವುದಿಲ್ಲ. ನನ್ನ ಕೈಗೆ ಈ ಗಂಟು ಯಾವ ಲೆಕ್ಕ? ಬಲ ರೆಕ್ಕೆಯನ್ನು ಅಪ್ಪ ಮಗಳು ನಿಧಾನವಾಗಿ ಕಟ್ಟಿಕೊಂಡರು. ಎಡ ರೆಕ್ಕೆ ಪೂರ್ತಿ ನನ್ನದು. ಮಗ ಕೆಳಗಿನಿಂದ ಸೂಜಿ ತಿರುಗಿಸಿ ಕೊಡುತ್ತಿದ್ದ, ನಾನು ಮೇಲಿನಿಂದ ಬಿಗಿಯುತ್ತಿದ್ದೆ. ರೆಕ್ಕೆಯ ತುದಿಯ ಕಡೆ ನಾಲ್ಕು ಬೆರಳಿಗೊಂದು ಗಂಟು. ವಿಮಾನದ ಮೈಗೆ ಸೇರುವ ಬುಡದ ಕಡೆ ಎರಡು ಬೆರಳಿಗೊಂದು. ಬುಡದಲ್ಲಿ ಯಾಕೆ ಇಷ್ಟು ಒತ್ತಾಗಿ ಅಂತ ಕೇಳಿದೆ. ಮೊಮ್ಮಗಳು ಬಾಯಲ್ಲಿ ದಾರ ಕಚ್ಚಿಕೊಂಡೇ, "ಪುಸ್ತಕದಾಗ ಹಂಗs ಐತಿ" ಅಂದಳು. ಚೆಂದಕ್ಕೆ ಇರಬೇಕು ಅಂದುಕೊಂಡೆ. ಎಲ್ಲವನ್ನೂ ಎರಡು ಸಲ ಕೇಳುವ ನಾನು ಅದೊಂದನ್ನು ಒಂದೇ ಸಲ ಕೇಳಿ ಬಿಟ್ಟೆ.

ಇಲ್ಲಿಯೇ ನನ್ನ ತಪ್ಪನ್ನು ಹೇಳಬೇಕು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಬೇರೆಯವರ ಮನೆಯಲ್ಲಿ ಇದೆಯೋ ಇಲ್ಲವೋ ತಿಳಿಯದು, ನನಗೆ ಅತ್ತೆ ಹೇಳಿಕೊಟ್ಟದ್ದು. ಹೊಸ ಹಾಸು ಏರಿಸಿ ನೇಯ್ದ ಮೊದಲ ಸೀರೆಯಲ್ಲಿ ಒಂದು ಕಡೆ ಬೇಕೆಂದೇ ಒಂದು ತಪ್ಪು ಬಿಡಬೇಕು. ಏನೂ ಕುಂದಿಲ್ಲದ ವಸ್ತುವಿಗೆ ದೃಷ್ಟಿ ಬೇಗ ತಾಗುತ್ತದೆ. ಆ ತಪ್ಪು ಯಾರ ಕಣ್ಣಿಗೂ ಬೀಳಬಾರದು, ಅದಕ್ಕೆ ಸೊಂಟಕ್ಕೆ ಸಿಗಿಸುವ ತುದಿಯಲ್ಲಿ, ಮೈಗೆ ಹತ್ತಿ ಮುಚ್ಚಿಹೋಗುವ ಜಾಗದಲ್ಲಿ ಬಿಡುವುದು. ಯಾರಿಗೂ ಹೇಳಬಾರದು, ಹೇಳಿದರೆ ಫಲವಿಲ್ಲ. ಎಡ ರೆಕ್ಕೆಯ ಕೊನೆಯ ಸಾಲು ಮುಗಿಸುವಾಗ ಗಂಟುಗಳನ್ನು ನೋಡಿದೆ. ಸಾಲಿಗೆ ಸಾಲು ಮುತ್ತು ಪೋಣಿಸಿದಂತೆ ಇದ್ದವು. ನನಗೇ ದೃಷ್ಟಿ ತಾಗುವಷ್ಟು ಚೆಂದ. ಮೈಗೆ ಹತ್ತುವ ಬುಡದಲ್ಲಿ, ಒಂದು ಗಂಟಿನ ಎರಡನೆಯ ಅರ್ಧವನ್ನು ಹಾಕದೆ ಬಿಟ್ಟೆ. ಹುಡುಗಿ ಚೆನ್ನಾಗಿರಲಿ ಅಂದುಕೊಂಡೇ ಬಿಟ್ಟೆ. ಮುಂದಿನ ವಾರ ಅದರ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿದರು, ಬಣ್ಣ ಕೊಟ್ಟರು. ಮೊಮ್ಮಗಳು ಎರಡೂ ರೆಕ್ಕೆಯ ಅಂಚಿಗೆ ಉದ್ದಕ್ಕೆ ಕೆಂಪು ಬಣ್ಣದ ದಡಿ ಬರೆದಳು. "ಈಗರೆ ಇದು ಅರಿವಿ ಹೌದಲ್ಲ?" ಅಂತ ನನ್ನ ಗಲ್ಲ ಹಿಂಡಿದಳು.

ಹುನಗುಂದದ ಸುತ್ತ ಎರೆ ನೆಲ. ಒಂದು ಮಳೆ ಬಿದ್ದರೆ ಗಾಲಿ ನುಂಗುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಕುಳಗೇರಿ ಕ್ರಾಸಿನಿಂದ ಬಾದಾಮಿಯ ಕಡೆಗೆ ಸೊಸೆಯ ತವರಿನವರದು ಗಟ್ಟಿ ಕೆಂಪು ಮಣ್ಣಿನ ಮಸಾರಿ ಹೊಲವಿದೆ. ಬೆಳೆ ತೆಗೆದ ಮೇಲೆ ಅಲ್ಲಿ ಉದ್ದಕ್ಕೆ ಕಲ್ಲು ಆರಿಸಿ ರೋಲರ್ ಹೊಡೆಸಿದ್ದರು. ರೆಕ್ಕೆ ಬಿಚ್ಚಿ, ಟ್ರೇಲರಿನಲ್ಲಿ ಹಾಕಿಕೊಂಡು, ನಾನು ರೆಕ್ಕೆಗಳ ಪಕ್ಕದಲ್ಲಿ ಹಾಸಿಗೆ ಸುತ್ತಿಟ್ಟು ಕುಳಿತು ಹೊರಟೆವು. ಅಮೀನಗಡದಲ್ಲಿ ಚಹಾಕ್ಕೆ ನಿಂತಾಗ ಒಬ್ಬ ಮುದುಕ ಟ್ರೇಲರಿಗೆ ಒಂದು ಸುತ್ತು ಹಾಕಿ ಬಂದು, "ಏನ್ರಿ ಯಕ್ಕಾರ, ಬೆಳಿಗೆ ಔಷಧ ಹೊಡಿಯೂ ಮಷೀನೇನ್ರಿ?" ಅಂದ.

"ಅಲ್ರಿ, ವಿಮಾನ."

"ಹಾರತೈತೇನ್ರಿ?"

"ಅದs ನನಗೂ ಅನುಮಾನರಿ" ಅಂದೆ.

ಹೊಲದಲ್ಲಿ ಕೆಲವು ದಿನ ಅದನ್ನು ನೆಲದ ಮೇಲೇ ಓಡಿಸಿ ನೋಡಿದರು. ಒಂದು ಮುಂಜಾನೆ, ಗಾಳಿ ಇರಲಿಲ್ಲ, ಇವತ್ತು ಏಳುತ್ತೇನೆ ಅಂದಳು. ಬಾಲಕ್ಕೆ ಹಗ್ಗ ಹಾಕಿ ಟ್ರ್ಯಾಕ್ಟರಿಗೆ ಕಟ್ಟಿದರು. ಎಂಜಿನ್ನನ್ನು ಪೂರ್ತಿ ಜೋರು ಮಾಡಿ ಕೊನೆಯ ಸಲ ನೋಡುವುದಂತೆ. ಮುಂದಿನ ಪಂಖ ತಿರುಗತೊಡಗಿತು. ನಾನು ಮಗನ ಪಕ್ಕದಲ್ಲಿ ಎಡ ರೆಕ್ಕೆಯ ಹಿಂದೆ ನಿಂತಿದ್ದೆ. ಒಮ್ಮೆಲೇ ನನ್ನ ಸೆರಗು ತಲೆಯಿಂದ ಹಾರಿ ಹಿಂದಕ್ಕೆ ಹೋಯಿತು. ಎರಡು ಹೆಜ್ಜೆ ರೆಕ್ಕೆಯ ತುದಿಯ ಕಡೆ ಸರಿದೆ. ಅಲ್ಲಿ ಗಾಳಿಯೇ ಇಲ್ಲ. ಮತ್ತೆ ಬುಡದ ಕಡೆ ಬಂದೆ, ಧೂಳು ಮುಖಕ್ಕೆ ಹೊಡೆಯಿತು. ತಲೆಯ ಮೇಲೆ ರೆಕ್ಕೆಯ ಬುಡದ ಬಟ್ಟೆ ಅದುರುತ್ತಿತ್ತು.

ಮಗನ ಕಿವಿಯಲ್ಲಿ ಕೂಗಿದೆ. "ಇಲ್ಲೆ ಅಷ್ಟs ಯಾಕ ಇಷ್ಟ ಗಾಳಿ?"

"ಪಂಖದ ಗಾಳಿ ಪೂರಾ ಇಲ್ಲೇ ಬಡಿತೈತಿ ಯವ್ವಾ! ಅದಕ್ಕs ನಿನ್ನ ಕಡಿಂದ ಇಲ್ಲೆ ಒತ್ತೊತ್ತಿ ಗಂಟ ಹಾಕ್ಸಿದ್ದು!"

ಸೀರೆಯಲ್ಲಿ ಯಾರ ಕಣ್ಣಿಗೂ ಬೀಳದ, ಯಾವ ಭಾರವೂ ಬೀಳದ ಜಾಗ ಅಂತ ನಾನು ಹುಡುಕಿಕೊಂಡದ್ದು, ಈ ವಿಮಾನದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಡೆತ ತಿನ್ನುವ ಜಾಗ! ಮಗ್ಗದಲ್ಲಿ ಒಂದು ಎಳೆ ಹರಿದರೆ ಅದು ಒಂದಾಗಿ ಉಳಿಯುವುದಿಲ್ಲ, ಪಕ್ಕದ್ದನ್ನು ಕರೆದುಕೊಂಡೇ ಹೋಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಸುಮ್ಮನೆ ನಿಂತೆ. ಹೇಳಬಾರದ್ದನ್ನು ಹೇಳಿದರೆ ಏನಾಗುವುದೋ, ಒಂದು ಅರ್ಧ ಗಂಟಿನಿಂದ ಏನಾದೀತು, ಅಂತ ಮನಸ್ಸು ಅತ್ತಿತ್ತ ಆಡಿತು. ಅಷ್ಟರಲ್ಲಿ ಮಗ ಬಾಲದ ಹಗ್ಗ ಬಿಚ್ಚಲು ಹೋದ. ನಾನು ಕೂಗಿದೆ. ಯಾರಿಗೂ ಕೇಳಿಸಲಿಲ್ಲ. ಕಾಲಿನ ಚಪ್ಪಲಿ ತೆಗೆದು ಬಾಲದ ಕಡೆ ಬೀಸಿ ಒಗೆದೆ. ಅದು ಮಗನ ಬೆನ್ನಿಗೆ ಬಿತ್ತು. ಅವನು ಕೈ ಎತ್ತಿ ಸನ್ನೆ ಮಾಡಿದ, ಎಂಜಿನ್ನು ನಿಂತಿತು.

ಮೊಮ್ಮಗಳು ತಲೆಯ ಮೇಲಿನ ಟೋಪಿ ತೆಗೆದು ಹೊರಗೆ ಬಂದಳು. ಮುಖ ಕೆಂಪಾಗಿತ್ತು. "ಆಯಿ, ಚಪ್ಪಲಿ ಪಂಖಕ್ಕ ಬಡದಿದ್ರ ಏನ ಗತಿ? ಹುಚ್ಚ ಹಿಡದೈತೇನ ನಿನಗ?"

"ಇವತ್ತ ನೀ ಹಾರಬ್ಯಾಡ."

"ಮತ್ತ ಶುರು ಆತು. ಈಗ ಯಾವುದರ ಮ್ಯಾಲ ಅನುಮಾನ ಬಂತು?"

"ನನ್ನ ಮ್ಯಾಲ" ಅಂದೆ.

ಹೊಲದ ಮಣ್ಣಿನಲ್ಲೇ ಕುಳಿತು ಎಲ್ಲ ಹೇಳಿದೆ. ಮಗ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. "ದೃಷ್ಟಿಗೆ? ವಿಮಾನದಾಗ ದೃಷ್ಟಿಗೆ ಗಂಟ ಬಿಟ್ಟಿ? ಯವ್ವಾ, ಒಂದ ಲಿಂಬಿಹಣ್ಣ ಕಟ್ಟಿದ್ರ ಆಗತಿತ್ತಲ್ಲ!" ಮೊಮ್ಮಗಳು ಬೈಯಲಿಲ್ಲ. ರೆಕ್ಕೆಯ ಹತ್ತಿರ ಹೋಗಿ ಬುಡದ ಮೇಲೆ ಕೈ ಇಟ್ಟಳು.

"ನಾ ಕಟ್ಟಿದ್ದನ್ನ ಮೂರ ಸಲ ನೋಡೇನಿ. ಅಪ್ಪ ಕಟ್ಟಿದ್ದನ್ನ ಎರಡ ಸಲ ನೋಡೇನಿ. ನೀ ಕಟ್ಟಿದ್ದನ್ನ ಒಂದೂ ಸಲ ನೋಡಲಿಲ್ಲ, ಆಯಿ."

"ಯಾಕ ನೋಡಲಿಲ್ಲ?"

"ಅದನ್ನ ಕಟ್ಟಿದಾಕಿ ನೀನು, ಅದಕ್ಕ."

ಈ ಮಾತಿಗಿಂತ ನನ್ನ ಚಪ್ಪಲಿಯಿಂದ ನನಗೇ ನಾಲ್ಕು ಬಾರಿಸಿದ್ದರೆ ಹಗುರಾಗುತ್ತಿತ್ತು.

ಪಟ್ಟಿ ಕಿತ್ತು ನೋಡಿದರು. ನಾನು ಹೇಳಿದ ಜಾಗದಲ್ಲೇ ಅರ್ಧ ಗಂಟು ಸಿಕ್ಕಿತು. ಬರೀ ನೆಲದ ಮೇಲೆ ಓಡಿಸಿದ್ದಕ್ಕೇ ಅದು ಸಡಿಲಾಗಿ, ಪಕ್ಕದ ಗಂಟಿನ ಹತ್ತಿರ ದಾರ ಒಂದು ಅಕ್ಕಿಕಾಳಿನಷ್ಟು ಜರುಗಿತ್ತು. ಮೂವರೂ ಅದನ್ನು ನೋಡಿದೆವು.

ಆಮೇಲೆ ಮೊಮ್ಮಗಳು ನನ್ನ ಕಡೆ ತಿರುಗಿ, "ಇನ್ನ ಎಲ್ಲೆಲ್ಲಿ ಬಿಟ್ಟೀ?" ಅಂದಳು.

"ಅದೊಂದs. ನಿನ್ನ ಆಣಿ."

"ನಿನ್ನ ಮಾತ ನಾ ನಂಬಂಗಿಲ್ಲ. ಎಲ್ಲಾ ಬಿಚ್ಚಿ ನೋಡತೇನಿ."

ನಿಮಗೆ ವಿಚಿತ್ರ ಅನ್ನಿಸಬಹುದು, ಆ ಮಾತು ಕೇಳಿ ನನಗೆ ಆದಷ್ಟು ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ನನ್ನ ಮೊಮ್ಮಗಳು ಕೊನೆಗೂ ಅನುಮಾನ ಪಡುವುದನ್ನು ಪೂರ್ತಿ ಕಲಿತಳು! ಇನ್ನು ಇವಳು ಎಲ್ಲಿ ಹಾರಿದರೂ ಚಿಂತೆಯಿಲ್ಲ ಅನ್ನಿಸಿತು. ಎರಡು ವಾರ ಆ ಹೊಲದ ದನದ ಕೊಟ್ಟಿಗೆಯ ಪಕ್ಕದಲ್ಲಿ ಎಡ ರೆಕ್ಕೆಯನ್ನು ಮಲಗಿಸಿ, ಪಟ್ಟಿಗಳನ್ನೆಲ್ಲ ಕಿತ್ತು, ಮಗ್ಗದ ಮನೆಯಿಂದ ನಾನು ತರಿಸಿಕೊಟ್ಟ ಭೂತಗನ್ನಡಿ ಹಿಡಿದು ಒಂದೊಂದೇ ಗಂಟು ನೋಡಿದಳು. ನಾನು ಕಳ್ಳಿಯ ಹಾಗೆ ಪಕ್ಕದಲ್ಲಿ ಕುಳಿತಿದ್ದೆ. ಒಂದು ಗಂಟಿನ ಮೇಲೆ ಕನ್ನಡಿ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ನಾನೂ ಬಗ್ಗಿ ಇಣುಕುತ್ತಿದ್ದೆ. ಬೇರೆ ಒಂದೂ ಸಿಗಲಿಲ್ಲ. ಅಧಿಕಾರಿಗೂ ತಾನೇ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿ ಮತ್ತೆ ಕರೆಸಿದಳು. ಅವನು ಎಲ್ಲ ನೋಡಿ ಕಾಗದ ಬರೆದ ಮೇಲೆ ಚಹಾ ಕುಡಿದ. ಹೋಗುವಾಗ ನನ್ನ ಕಡೆ ನೋಡಿ ನಕ್ಕ. ಆ ನಗುವಿನ ಅರ್ಥ ನನಗೆ ಇನ್ನೂ ಸರಿಯಾಗಿ ತಿಳಿದಿಲ್ಲ.

ಅವನು ಬರುವ ಮೊದಲೇ, ಅರ್ಧ ಗಂಟು ಬಿಟ್ಟ ಸಾಲನ್ನು ಮತ್ತೆ ಕಟ್ಟಲು ಸೂಜಿಯನ್ನು ನನ್ನ ಕೈಗೇ ಕೊಟ್ಟಿದ್ದಳು. ಕಟ್ಟಿ ಮುಗಿಸಿದ ಮೇಲೆ ಇಕ್ಕಳ ತಂದು ಒಂದೊಂದನ್ನೂ ಜಗ್ಗಿ ನೋಡಿದಳು. "ಜಗ್ಗವ್ವಾ, ಚಲೋತಂಗ ಜಗ್ಗು" ಅಂದೆ.

"ಮತ್ತ ದೃಷ್ಟಿಗೆ ಏನ ಮಾಡೂದು, ಆಯಿ?"

ನಾನು ಕೇಳಲು ಹೆದರಿದ್ದನ್ನು ಅವಳೇ ಕೇಳಿದಳು. ವಿಮಾನದಲ್ಲಿ ತಾನು ಕುಳಿತುಕೊಳ್ಳುವ ದಿಂಬನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. "ಇದರ ಗವಸಣಿಗಿಯೊಳಗ ಎಷ್ಟ ಹೊಲಿಗಿ ಬಿಡತೀಯೋ ಬಿಡು. ನಾ ಮ್ಯಾಲ ಕುಂತs ಇರತೇನಿ. ಯಾರ ಕಣ್ಣಿಗೂ ಬೀಳಂಗಿಲ್ಲ." ಒಂದೇ ಹೊಲಿಗೆ ಬಿಟ್ಟೆ.

ಮತ್ತೆ ಪಟ್ಟಿ ಅಂಟಿಸಿ, ಬಣ್ಣ ಕೊಟ್ಟು, ಅವಳು ಹಾರಿದ ದಿನವೂ ಗಾಳಿ ಇರಲಿಲ್ಲ. ಮಗ ಹಗ್ಗ ಬಿಚ್ಚಿದ. ನನ್ನ ಚಪ್ಪಲಿಗಳನ್ನು ಮೊದಲೇ ಕಸಿದುಕೊಂಡು ಸೊಸೆಯ ಕೈಗೆ ಕೊಟ್ಟಿದ್ದ. ವಿಮಾನ ಮಸಾರಿಯ ಮೇಲೆ ಕುಪ್ಪಳಿಸುತ್ತ ಓಡಿತು. ನಾನು ಮೇಲೆ ನೋಡಲಿಲ್ಲ, ಗಾಲಿಯನ್ನೇ ನೋಡುತ್ತಿದ್ದೆ. ಗಾಲಿಯೂ ಅದರ ನೆರಳೂ ಅಂಟಿಕೊಂಡು ಓಡುತ್ತಿದ್ದವು. ಒಂದು ಕ್ಷಣದಲ್ಲಿ ನೆರಳು ಗಾಲಿಯನ್ನು ಬಿಟ್ಟಿತು. ನಡುವೆ ಒಂದು ಬೆರಳು ಬೆಳಕು, ಆಮೇಲೆ ಒಂದು ಮೊಳ, ಆಮೇಲೆ ಒಂದು ಬೇವಿನ ಮರದಷ್ಟು. ಸೊಸೆ ಚಪ್ಪಲಿ ಎದೆಗೆ ಒತ್ತಿಕೊಂಡು ಬನಶಂಕರಿಯನ್ನು ಕೂಗಿದಳು. ಮಗ ಅಳುತ್ತಿದ್ದ, ಧೂಳು ಅಂದ. ಬಾದಾಮಿಯ ಕಡೆಯ ಆಕಾಶದಲ್ಲಿ ಅವಳು ತಿರುಗಿದಾಗ ರೆಕ್ಕೆ ವಾಲಿ, ಬಿಸಿಲಿನಲ್ಲಿ ಕೆಂಪು ದಡಿ ಉದ್ದಕ್ಕೂ ಕಂಡಿತು. ನಾನು ಕೈ ಎತ್ತಿ ಏನು ಕೂಗಿದೆನೋ ನನಗೆ ನೆನಪಿಲ್ಲ. ಪಕ್ಕದ ಹೊಲದವರು ಇವತ್ತಿಗೂ ಅದನ್ನು ಅಣಕಿಸುತ್ತಾರೆ.

ಎರಡು ಸುತ್ತು ಹಾಕಿ ಇಳಿದಳು. ಪಂಖ ನಿಲ್ಲುವವರೆಗೆ ಮಗ ನನ್ನ ರಟ್ಟೆ ಹಿಡಿದಿದ್ದ. ಬಿಟ್ಟ ಕೂಡಲೇ ಬರಿಗಾಲಿನಲ್ಲಿ ಓಡಿದೆ. ಎಲ್ಲರೂ ಅವಳನ್ನು ತಬ್ಬಿಕೊಳ್ಳಲು ಹೋದರು. ನಾನು ಸೀದಾ ಎಡ ರೆಕ್ಕೆಯ ಕೆಳಗೆ ಹೋಗಿ, ತುದಿಗಾಲಿನ ಮೇಲೆ ನಿಂತು, ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದೆ.

ಹಿಂದಿನಿಂದ ಬಂದು ಅವಳು ನನ್ನ ಹೆಗಲಿಗೆ ಗಲ್ಲ ಇಟ್ಟಳು. ಮೈಯೆಲ್ಲ ಪೆಟ್ರೋಲಿನ ವಾಸನೆ.

"ಹ್ಯಾಂಗೈತಿ, ಆಯಿ?"

"ಬಿಗಿ ಐತಿ" ಅಂದೆ.

"ಸರಿ ಅತ್ತಾಗ" ಅಂದಳು. ನನ್ನ ಕೈ ಸರಿಸಿ, ಅದೇ ಜಾಗವನ್ನು ತಾನೂ ಒಮ್ಮೆ ಒತ್ತಿ ನೋಡಿದಳು.